ಹುಡುಕಿದರೆ ಸಿಗದ ಇಮೇಲ್: ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸುವ ಮೊದಲು

ನಾಸಿಕ-ತ್ರ್ಯಂಬಕೇಶ್ವರದ ಸಿಂಹಸ್ಥ ಕುಂಭಮೇಳ ಹನ್ನೆರಡು ವರ್ಷಕ್ಕೊಮ್ಮೆ ಬರುವಂಥದ್ದು. 2003ರಲ್ಲಿ ಬಂತು, 2015ರಲ್ಲಿ ಬಂತು. ಅದರ ನಂತರದ ಸಿಂಹಸ್ಥದ ಮೊದಲ ಅಮೃತಸ್ನಾನ 2027ರ ಆಗಸ್ಟ್ 2ಕ್ಕೆ ಎಂದು ಪ್ರಕಟವಾಗಿದೆ. ಇದು ನಾಸಿಕದ ನಮ್ಮ ಹೋಟೆಲ್ ಬಂಧುಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ತ್ರ್ಯಂಬಕೇಶ್ವರ, ಶಿರಡಿ ಮುಗಿಸಿ ವೇರೂಳದ ಘೃಷ್ಣೇಶ್ವರಕ್ಕೆ ಹೊರಡುವ ಯಾತ್ರಿಕರ ಬಸ್ಸುಗಳು ಛತ್ರಪತಿ ಸಂಭಾಜಿನಗರದ ಹೋಟೆಲುಗಳ ಮುಂದೆಯೂ ನಿಲ್ಲುತ್ತವೆ. ಟ್ರಾವೆಲ್ಸ್‌ನವರು, ಟ್ರಸ್ಟಿನವರು, ಬಂದೋಬಸ್ತಿಗೆ ಬರುವ ಸಿಬ್ಬಂದಿಗೆ ಊಟ ಒದಗಿಸಬೇಕಾದ ಗುತ್ತಿಗೆದಾರರು, ಎಲ್ಲರೂ ದರ ಕೇಳುವುದು ಈಗ ಇಮೇಲಿನಲ್ಲಿಯೇ.

ಇಂಥ ವಿಚಾರಣೆ ಬಂದಾಗ ನಮಗೆ ಮೊದಲು ನೆನಪಾಗುವುದು ಕಳೆದ ಕುಂಭದ ಲೆಕ್ಕ. ಎಷ್ಟು ತಟ್ಟೆಗೆ ಎಷ್ಟು ಅಕ್ಕಿ ಹೋಯಿತು, ಮುಂಗಡ ಎಷ್ಟು ಪಡೆದೆವು, ಯಾವ ಟ್ರಾವೆಲ್ಸ್‌ನವರು ಕೊನೆಯ ಬಿಲ್ಲು ತಡ ಮಾಡಿದರು ಎಂಬುದೆಲ್ಲ ಆ ಹಳೆಯ ಮೇಲ್‌ಗಳಲ್ಲಿ ಇದೆ. (ದರ ಮಾತ್ರ ಹಾಗೆಯೇ ಎತ್ತಿ ಬರೆಯುವಂತಿಲ್ಲ. 2015ರಲ್ಲಿ ವ್ಯಾಟ್ ಮತ್ತು ಸೇವಾ ತೆರಿಗೆ ಇತ್ತು; ಜಿಎಸ್‌ಟಿ ಬಂದದ್ದು 2017ರ ಜುಲೈ 1ರಂದು.) ಗಲ್ಲಾದ ಪಕ್ಕದ ಕಂಪ್ಯೂಟರಿನಲ್ಲಿ ಔಟ್‌ಲುಕ್ ತೆರೆದು ಮೇಲಿನ ಸರ್ಚ್ ಪಟ್ಟಿಯಲ್ಲಿ ಹೆಸರು ಹಾಕುತ್ತೇವೆ. ಏನೂ ಬರುವುದಿಲ್ಲ. ನಿನ್ನೆಯಷ್ಟೇ ಕಣ್ಣಾರೆ ಓದಿದ ಮೇಲ್ ಕೂಡ ಬರುವುದಿಲ್ಲ. ಮ್ಯಾನೇಜರ್ ಕಂಪ್ಯೂಟರ್ ಹುಡುಗನಿಗೆ ಫೋನ್ ಮಾಡುತ್ತಾನೆ. ಹುಡುಗ ಬಂದು ಎರಡು ನಿಮಿಷ ನೋಡಿ ಹೇಳುವ ಮಾತು ಎಲ್ಲರಿಗೂ ಗೊತ್ತು: "ಸೇಠ್, ಫಾರ್ಮ್ಯಾಟ್ ಮಾರೂನ್ ಟಾಕೂ."

ಈ ಮಾತಿಗೆ ಕೂಡಲೇ ಹೂಂ ಅನ್ನಬೇಡಿ ಎಂದು ಹೇಳುವುದಕ್ಕಾಗಿಯೇ ನಾವು ಈ ಲೇಖನ ಬರೆಯುತ್ತಿರುವುದು.

ಸರ್ಚ್ ಕೆಲಸ ಮಾಡದಿರುವುದು ಬೇರೆ, ಮೇಲ್ ಕಳೆದುಹೋಗುವುದು ಬೇರೆ. ನಮ್ಮ ಉಗ್ರಾಣವನ್ನೇ ನೋಡಿ. ಬಾಗಿಲ ಬಳಿ ಸ್ಟೋರ್ ರಿಜಿಸ್ಟರ್ ಇರುತ್ತದೆ. ಉದ್ದಿನಬೇಳೆ ಯಾವ ಮೂಲೆಯಲ್ಲಿದೆ, ರವೆ ಯಾವ ಹಲಗೆಯ ಮೇಲಿದೆ ಎಂದು ಅದನ್ನು ನೋಡಿ ಹೇಳುತ್ತೇವೆ. ರಿಜಿಸ್ಟರ್ ನೀರು ಬಿದ್ದು ಹಾಳಾದರೆ ಬೇಳೆಯ ಮೂಟೆ ಮಾಯವಾಗುವುದಿಲ್ಲ. ಔಟ್‌ಲುಕ್ ಕೂಡ ಸರ್ಚ್ ಒತ್ತಿದಾಗ ಸಾವಿರಾರು ಮೇಲ್‌ಗಳನ್ನು ಒಂದೊಂದಾಗಿ ತೆರೆದು ಓದುವುದಿಲ್ಲ. 2007ರ ಔಟ್‌ಲುಕ್‌ನಿಂದ ಈಚೆಗೆ ಈ ಹುಡುಕಾಟ ವಿಂಡೋಸ್ ಸರ್ಚ್ ಎಂಬ ವ್ಯವಸ್ಥೆಯ ಮೂಲಕ ನಡೆಯುತ್ತದೆ. ಅದು ಹಿನ್ನೆಲೆಯಲ್ಲಿ ಕುಳಿತು ಯಾವ ಶಬ್ದ ಯಾವ ಮೇಲ್‌ನಲ್ಲಿದೆ ಎಂಬ ಪಟ್ಟಿ ಬರೆದಿಡುತ್ತದೆ. ಆ ಪಟ್ಟಿಗೆ ಇಂಡೆಕ್ಸ್ ಎನ್ನುತ್ತಾರೆ. ಕರೆಂಟ್ ಹಠಾತ್ತನೆ ಹೋದರೆ, ಡಿಸ್ಕ್ ತುಂಬಿದರೆ, ವಿಂಡೋಸ್ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಹಾಳಾಗುವುದು ಹೆಚ್ಚಾಗಿ ಈ ಪಟ್ಟಿ. 2022ರಲ್ಲಿ ವಿಂಡೋಸ್ 11ಕ್ಕೆ ಬದಲಾದ ಕೆಲವರಿಗೆ ಹೊಸ ಮೇಲ್‌ಗಳು ಸರ್ಚ್‌ನಲ್ಲಿ ಕಾಣದ ತೊಂದರೆ ಬಂದಿತ್ತು. ಅದನ್ನು ಮೈಕ್ರೋಸಾಫ್ಟ್ ಸ್ವತಃ ಒಪ್ಪಿಕೊಂಡಿತ್ತು. ಆಗಲೂ ಮೇಲ್‌ಗಳು ಇದ್ದಲ್ಲೇ ಇದ್ದವು.

ಪರೀಕ್ಷೆ ಸುಲಭ. ಸರ್ಚ್ ಬಿಟ್ಟುಬಿಡಿ. ಇನ್‌ಬಾಕ್ಸ್ ತೆರೆದು ಫ್ರಮ್ ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿ. ಕಳುಹಿಸಿದವರ ಹೆಸರಿನ ಕ್ರಮದಲ್ಲಿ ಎಲ್ಲ ಮೇಲ್ ಸಾಲಾಗಿ ನಿಲ್ಲುತ್ತದೆ. ಕೆಳಗೆ ಜಾರಿಸುತ್ತ ಹೋಗಿ. ಬೇಕಾದ ಮೇಲ್ ಅಲ್ಲಿ ಕಂಡರೆ ಕೆಟ್ಟಿರುವುದು ರಿಜಿಸ್ಟರ್, ಮೂಟೆಯಲ್ಲ.

ಹಾಗಾದರೆ ಫಾರ್ಮ್ಯಾಟ್ ಮಾಡಿದರೆ ಏನಾಗುತ್ತದೆ? ಅದು ನಿಮ್ಮ ಮೇಲ್ ಎಲ್ಲಿ ವಾಸವಾಗಿದೆ ಎಂಬುದರ ಮೇಲೆ ಹೋಗುತ್ತದೆ. ಔಟ್‌ಲುಕ್‌ನಲ್ಲಿ ಫೈಲ್, ಅಲ್ಲಿಂದ ಅಕೌಂಟ್ ಸೆಟ್ಟಿಂಗ್ಸ್ ತೆರೆಯಿರಿ. ನಿಮ್ಮ ವಿಳಾಸದ ಎದುರು ಐಮ್ಯಾಪ್ ಎಂದಿದ್ದರೆ ಮೂಲಪ್ರತಿ ಮೇಲ್ ಕಂಪನಿಯ ಸರ್ವರಿನಲ್ಲಿದೆ, ನಿಮ್ಮಲ್ಲಿರುವುದು ನಕಲು. ಪಾಪ್ ಎಂದಿದ್ದರೆ ಎಚ್ಚರ. ಪಾಪ್ ಅಂದರೆ ಪೋಸ್ಟ್‌ಮ್ಯಾನ್ ಕಾಗದ ಕೈಗೆ ಕೊಟ್ಟು ಹೋದ ಹಾಗೆ. ಸರ್ವರಿನಲ್ಲಿ ಪ್ರತಿ ಉಳಿಸು ಎಂದು ಹೇಳಿರದಿದ್ದರೆ ಅಂಚೆ ಕಚೇರಿಯಲ್ಲಿ ಮತ್ತೊಂದು ಪ್ರತಿ ಇರುವುದಿಲ್ಲ. ಹದಿನೈದು-ಇಪ್ಪತ್ತು ವರ್ಷದ ಹಿಂದೆ ಸ್ವಂತ ಹೆಸರಿನ ಮೇಲ್ ವಿಳಾಸ ಮಾಡಿಸಿಕೊಂಡ ಹೋಟೆಲುಗಳಲ್ಲಿ, ಸಾತಪುರ, ಅಂಬಡ್, ವಾಳುಜ್ ಕಡೆ ಕಾರ್ಖಾನೆ ಕ್ಯಾಂಟೀನ್ ನಡೆಸುವವರಲ್ಲಿ ಈ ಪಾಪ್ ಪದ್ಧತಿ ಇನ್ನೂ ಉಳಿದಿರಬಹುದು. ಅಂಥಲ್ಲಿ ಇಡೀ ವ್ಯವಹಾರದ ಪತ್ರಗಳು ಪಿಎಸ್‌ಟಿ ಎಂಬ ಒಂದೇ ಫೈಲಿನಲ್ಲಿ, ಆ ಒಂದೇ ಕಂಪ್ಯೂಟರಿನಲ್ಲಿ ಇರುತ್ತವೆ. ಅದನ್ನು ತೆಗೆದಿಡದೆ ಫಾರ್ಮ್ಯಾಟ್ ಮಾಡಿದರೆ ಉಗ್ರಾಣವನ್ನೇ ಕೆಡವಿದ ಹಾಗೆ.

ಆದ್ದರಿಂದ ಯಾವ ರಿಪೇರಿಗೂ ಮೊದಲು ಆ ಫೈಲಿನ ನಕಲು ತೆಗೆಯಿರಿ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿಯೇ ಡೇಟಾ ಫೈಲ್ಸ್ ಎಂಬ ಪುಟವಿದೆ. ಫೈಲ್ ಎಲ್ಲಿದೆ ಎಂದು ಅದು ತೋರಿಸುತ್ತದೆ. ಔಟ್‌ಲುಕ್ ಮುಚ್ಚಿದ ನಂತರವೇ ಕಾಪಿ ಮಾಡಬೇಕು. ಇನ್ನೊಂದು ಸಣ್ಣ ವಿಷಯ: ಫ್ಯಾಟ್32 ಮಾದರಿಯ ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಸುವುದಿಲ್ಲ, 64 ಜಿಬಿಯ ಪೆನ್‌ಡ್ರೈವ್ ಖಾಲಿ ಇದ್ದರೂ ಸರಿಯೇ. ಹತ್ತು ವರ್ಷದ ಮೇಲ್ ಇರುವವರು ಹೊರಗಿನ ಹಾರ್ಡ್‌ಡಿಸ್ಕ್ ಬಳಸುವುದು ಒಳ್ಳೆಯದು.

ನಕಲು ಕೈಗೆ ಬಂದ ಮೇಲೆ ನಿಧಾನವಾಗಿ ನೋಡೋಣ. ಮೊದಲು, ಹುಡುಕುವ ಶಬ್ದ ಸರಿಯಿದೆಯೇ? ನಗಬೇಡಿ, ನಮ್ಮ ಎರಡೂ ಊರುಗಳ ಮಟ್ಟಿಗೆ ಇದು ದೊಡ್ಡ ಪ್ರಶ್ನೆ. ಔರಂಗಾಬಾದ್ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರವಾದದ್ದು 2023ರಲ್ಲಿ. 2015ರ ಮೇಲ್‌ನಲ್ಲಿ ಸಂಭಾಜಿನಗರ ಎಂದು ಹುಡುಕಿದರೆ ಸಿಗುವುದಾದರೂ ಹೇಗೆ? ಸಂಭಾಜಿನಗರ ಎಂಬುದನ್ನು ಕೆಲವರು ಒಂದೇ ಶಬ್ದವಾಗಿ, ಕೆಲವರು ಎರಡು ಶಬ್ದವಾಗಿ ಬರೆಯುತ್ತಾರೆ. ನಾಸಿಕವನ್ನು ಇಂಗ್ಲಿಷಿನಲ್ಲಿ ಹಳಬರು ಎಚ್ ಅಕ್ಷರವಿಲ್ಲದೆ, ಹೊಸಬರು ಎಚ್ ಸೇರಿಸಿ ಬರೆಯುತ್ತಾರೆ. ಇಡ್ಲಿಯ ಕೊನೆಗೆ ಐ ಹಾಕುವವರಿದ್ದಾರೆ, ವೈ ಹಾಕುವವರಿದ್ದಾರೆ. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಶಬ್ದಗಳು. ಗಿರಾಕಿ ದೇವನಾಗರಿಯಲ್ಲಿ ಬರೆದ ಮರಾಠಿ ಮೇಲ್ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಬರುವುದಿಲ್ಲ. ವರ್ಕ್ ಆರ್ಡರನ್ನು ಸ್ಕ್ಯಾನ್ ಮಾಡಿ ಕಳಿಸಿದ್ದರೆ ಅದು ಚಿತ್ರವಷ್ಟೆ, ಅದರೊಳಗಿನ ಅಕ್ಷರ ಸಾಮಾನ್ಯವಾಗಿ ಇಂಡೆಕ್ಸಿಗೆ ಸೇರಿರುವುದಿಲ್ಲ. ಊರಿನ ಹೆಸರು ಬಿಟ್ಟು ಕಳುಹಿಸಿದವರ ಹೆಸರು, ತಿಂಗಳು, ಮೊತ್ತ ಇವುಗಳಿಂದ ಹುಡುಕುವುದು ವಾಸಿ.

ಎರಡನೆಯದು, ಎಲ್ಲಿ ಹುಡುಕುತ್ತಿದ್ದೀರಿ? ಸರ್ಚ್ ಪಟ್ಟಿಯ ಪಕ್ಕದಲ್ಲಿ ಕರೆಂಟ್ ಫೋಲ್ಡರ್ ಎಂದಿದ್ದರೆ ತೆರೆದಿರುವ ಫೋಲ್ಡರ್ ಮಾತ್ರ ನೋಡುತ್ತದೆ. ಅದನ್ನು ಆಲ್ ಮೇಲ್‌ಬಾಕ್ಸಸ್ ಎಂದು ಬದಲಿಸಿ. ಹಿಂದಿನ ಔಟ್‌ಲುಕ್‌ಗಳು ಆಗಾಗ "ಹಳೆಯ ಮೇಲ್‌ಗಳನ್ನು ಆರ್ಕೈವ್ ಮಾಡಲೇ?" ಎಂದು ಕೇಳುತ್ತಿದ್ದವು, ಗಡಿಬಿಡಿಯಲ್ಲಿ ಯೆಸ್ ಒತ್ತಿದವರ ಹಳೆಯ ಮೇಲ್‌ಗಳು ಬೇರೆಯೇ ಪಿಎಸ್‌ಟಿಯಲ್ಲಿ ಕುಳಿತಿರುತ್ತವೆ. ಆ ಫೈಲನ್ನು ಔಟ್‌ಲುಕ್‌ನಲ್ಲಿ ತೆರೆದರೆ ಮಾತ್ರ ಅದು ಹುಡುಕಾಟಕ್ಕೆ ಬರುತ್ತದೆ. ಮೇಲಿನ ಮೂಲೆಯಲ್ಲಿ ನ್ಯೂ ಔಟ್‌ಲುಕ್ ಎಂಬ ಗುಂಡಿ ಒತ್ತಿಹೋಗಿದ್ದರೂ ಹೀಗೆಯೇ ಆಗುತ್ತದೆ; ಹಳೆಯ ಪಿಎಸ್‌ಟಿಗಳು ಅದರಲ್ಲಿ ತಾವಾಗಿ ಕಾಣಿಸಿಕೊಳ್ಳುವುದಿಲ್ಲ. ಗುಂಡಿ ಹಿಂದಕ್ಕೆ ಸರಿಸಿದರೆ ಎಲ್ಲ ಮೊದಲಿನಂತೆ.

ಇಷ್ಟಾದರೂ ಸಿಗದಿದ್ದರೆ ಇಂಡೆಕ್ಸಿನ ಕಡೆ ಹೋಗಬೇಕು. ಸರ್ಚ್ ಪಟ್ಟಿಯಲ್ಲಿ ಕ್ಲಿಕ್ ಮಾಡಿದಾಗ ಬರುವ ಸರ್ಚ್ ಟೂಲ್ಸ್‌ನಲ್ಲಿ ಇಂಡೆಕ್ಸಿಂಗ್ ಸ್ಟೇಟಸ್ ಎಂದಿದೆ. ಇನ್ನೂ ಎಷ್ಟು ಮೇಲ್ ಬಾಕಿ ಎಂದು ಅದು ಹೇಳುತ್ತದೆ. ಬಾಕಿ ಸೊನ್ನೆ ಇದ್ದರೆ ಪಟ್ಟಿ ಪೂರ್ತಿಯಾಗಿದೆ. ಸಾವಿರಗಳಲ್ಲಿದ್ದು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಸುಮ್ಮನೆ ಕಾಯಬೇಕು. ಇಳಿಯದೆ ನಿಂತಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಇಂಡೆಕ್ಸಿಂಗ್ ಆಪ್ಷನ್ಸ್ ತೆರೆದು, ಮಾಡಿಫೈ ಒತ್ತಿ, ಮೈಕ್ರೋಸಾಫ್ಟ್ ಔಟ್‌ಲುಕ್ ಎದುರು ಟಿಕ್ ಇದೆಯೇ ನೋಡಿ. ಟಿಕ್ ಇಲ್ಲದಿದ್ದರೆ ರೋಗ ಅಲ್ಲೇ ಸಿಕ್ಕಿತು. ಇದ್ದರೆ ಅಡ್ವಾನ್ಸ್ಡ್‌ನೊಳಗೆ ರಿಬಿಲ್ಡ್ ಎಂಬ ಗುಂಡಿ ಇದೆ. ಅದು ಹಾಳಾದ ರಿಜಿಸ್ಟರನ್ನು ಹರಿದೆಸೆದು ಹೊಸದಾಗಿ ಬರೆಯುತ್ತದೆ, ಮೇಲ್‌ಗಳನ್ನು ಮುಟ್ಟುವುದಿಲ್ಲ. ವಿಂಡೋಸ್ ಸರ್ಚ್ ಎಂಬ ಸರ್ವಿಸ್ಸೇ ನಿಂತುಹೋಗಿದ್ದರೆ ಅದನ್ನು ಮತ್ತೆ ಚಾಲೂ ಮಾಡುವುದು, ಪಿಎಸ್‌ಟಿಯಲ್ಲೇ ದೋಷವಿದ್ದರೆ ಆಫೀಸಿನ ಜೊತೆಗೇ ಬರುವ ಸ್ಕ್ಯಾನ್‌ಪಿಎಸ್‌ಟಿ ಎಂಬ ಸಾಧನ ಓಡಿಸುವುದು, ಇವು ಕಂಪ್ಯೂಟರ್ ಹುಡುಗನಿಗೆ ಬಿಡುವ ಕೆಲಸಗಳು. ಹೆಸರು ಹೇಳಿ ಕೇಳಿದರೆ ಅವನೂ ಫಾರ್ಮ್ಯಾಟಿನ ಮಾತು ಬಿಡುತ್ತಾನೆ.

ರಿಬಿಲ್ಡ್ ವಿಷಯದಲ್ಲಿ ಹೋಟೆಲಿನವರಿಗೆಂದೇ ಒಂದು ಮಾತು. ಮೇಲ್ ಹೆಚ್ಚಿದ್ದರೆ ಈ ಕೆಲಸಕ್ಕೆ ಹಲವು ಗಂಟೆ ಬೇಕು. ಯಾರಾದರೂ ಕಂಪ್ಯೂಟರ್ ಬಳಸುತ್ತಿದ್ದರೆ ಅದು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಹಗಲಿಡೀ ಬಿಲ್ಲಿಂಗ್ ನಡೆಯುವ ಯಂತ್ರದಲ್ಲಿ ಅದಕ್ಕೆ ಬಿಡುವೆಲ್ಲಿ? ರಾತ್ರಿ ಬಿಡುವಿದೆ ಎನ್ನುವಾಗ ಶಟರ್ ಎಳೆಯುವ ಮೊದಲು ನಾವು ಮೇನ್ ಸ್ವಿಚ್ ಇಳಿಸುತ್ತೇವೆ. ಹೀಗೆ ತಿಂಗಳಾದರೂ ಇಂಡೆಕ್ಸ್ ಮುಗಿಯದ ಕಂಪ್ಯೂಟರುಗಳು ನಮ್ಮ ಹೋಟೆಲುಗಳಲ್ಲಿ ಇವೆ. ರೋಗ ಕಂಪ್ಯೂಟರಿನದ್ದಲ್ಲ, ಮೇನ್ ಸ್ವಿಚ್ಚಿನದು. ಒಂದು ರಾತ್ರಿ ಔಟ್‌ಲುಕ್ ತೆರೆದಿಟ್ಟು ಆ ಒಂದು ಪಾಯಿಂಟಿಗೆ ಮಾತ್ರ ಕರೆಂಟ್ ಉಳಿಸಿ.

ಬರೇ ಜಿಮೇಲ್ ಬಳಸುವವರಿಗೆ ಈ ಇಂಡೆಕ್ಸಿನ ಗೋಜಿಲ್ಲ. ಅಲ್ಲಿ ಸಿಗದಿರಲು ಕಾರಣ ಬೇರೆ: ಜಿಮೇಲ್ ಸಾಮಾನ್ಯ ಹುಡುಕಾಟದಲ್ಲಿ ಸ್ಪ್ಯಾಮ್ ಮತ್ತು ಟ್ರ್ಯಾಶ್ ಫೋಲ್ಡರನ್ನು ನೋಡುವುದಿಲ್ಲ. ಸರ್ಚ್ ಪಟ್ಟಿಯ ಬಲತುದಿಯ ಗುರುತನ್ನು ಒತ್ತಿದರೆ ಒಂದು ಫಾರಂ ತೆರೆಯುತ್ತದೆ. ಅದರಲ್ಲಿ ಆಲ್ ಮೇಲ್ ಎಂಬುದನ್ನು ಸ್ಪ್ಯಾಮ್, ಟ್ರ್ಯಾಶ್ ಸೇರಿದ ಆಯ್ಕೆಗೆ ಬದಲಿಸಿ, ತಾರೀಕು ತುಂಬಿ, ಅಟ್ಯಾಚ್‌ಮೆಂಟ್ ಇದೆ ಎಂದು ಟಿಕ್ ಮಾಡಿ ಹುಡುಕಬಹುದು. ತಡ ಮಾಡಬೇಡಿ. ಈ ಎರಡು ಫೋಲ್ಡರುಗಳಲ್ಲಿ ಬಿದ್ದದ್ದು 30 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ.

ಇಷ್ಟೆಲ್ಲ ಯಾಕೆ ಹೇಳಬೇಕಾಯಿತೆಂದರೆ, ಮೇಲ್ ಸಿಗದಿದ್ದರೆ ಹೋಗುವುದು ಬರೇ ಹಳೆಯ ದರಪಟ್ಟಿಯಲ್ಲ. ಜಿಎಸ್‌ಟಿ ಕಾಯ್ದೆಯ 169ನೇ ಕಲಮಿನ ಪ್ರಕಾರ ನೋಂದಣಿಯಲ್ಲಿ ಕೊಟ್ಟ ಇಮೇಲಿಗೆ ಕಳಿಸಿದ ನೋಟಿಸು ಕೊಟ್ಟಂತೆಯೇ ಲೆಕ್ಕ; ಪೋರ್ಟಲಿನಲ್ಲಿ ಹಾಕಿದರೂ ಅಷ್ಟೆ. ರಿಟರ್ನ್ ತಪಾಸಣೆಯ ಎಎಸ್‌ಎಂಟಿ-10 ನೋಟಿಸಿಗೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ನೋಂದಣಿ ರದ್ದು ಮಾಡುವ ಬಗ್ಗೆ ಬರುವ ಆರ್‌ಇಜಿ-17ಕ್ಕೆ ಏಳೇ ಕೆಲಸದ ದಿನ. ಸರ್ಚ್‌ನಲ್ಲಿ ಬರಲಿಲ್ಲ ಎಂಬ ಉತ್ತರ ಯಾವ ಅಧಿಕಾರಿಯ ಮುಂದೆಯೂ ನಡೆಯುವುದಿಲ್ಲ. ಸಮಾಧಾನದ ಸಂಗತಿಯೆಂದರೆ ಮೇಲ್ ಸಿಗದಿದ್ದರೂ ನೋಟಿಸು ಪೋರ್ಟಲಿನಲ್ಲಿ ಇರುತ್ತದೆ. ಲಾಗಿನ್ ಆಗಿ ಸರ್ವಿಸಸ್, ಯೂಸರ್ ಸರ್ವಿಸಸ್ ಮೂಲಕ ವ್ಯೂ ನೋಟಿಸಸ್ ಆ್ಯಂಡ್ ಆರ್ಡರ್ಸ್ ನೋಡಿ. ಅದರ ಜೊತೆ ಅಡಿಷನಲ್ ನೋಟಿಸಸ್ ಎಂಬ ಬೇರೆ ಪುಟವೂ ಇದೆ. ಅಕೌಂಟೆಂಟ್ ಅದನ್ನೂ ತೆರೆಯುತ್ತಾರೋ ಇಲ್ಲವೋ ಒಮ್ಮೆ ಕೇಳಿಡಿ. ಖರೀದಿ ಬಿಲ್ಲುಗಳು ಮೇಲ್‌ನಲ್ಲಿ ಬರುವವರು ಇನ್ನೊಂದನ್ನೂ ಗಮನಿಸಬೇಕು: ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕೆಂದು ಇದೇ ಕಾಯ್ದೆಯ 36ನೇ ಕಲಮು ಹೇಳುತ್ತದೆ. ಆ ಬಿಲ್ಲುಗಳನ್ನು ಮೇಲ್‌ನಲ್ಲೇ ಬಿಡದೆ ವರ್ಷವಾರು ಫೋಲ್ಡರಿನಲ್ಲಿ ಬೇರೆ ಇಟ್ಟುಕೊಂಡರೆ ಸರ್ಚ್ ಕೆಟ್ಟ ದಿನವೂ ಕೆಲಸ ನಿಲ್ಲುವುದಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿದ್ದರಿಂದ ಹಲವರು ಹೊಸ ಕಂಪ್ಯೂಟರಿನ ಯೋಚನೆಯಲ್ಲಿದ್ದಾರೆ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವ ಮುನ್ನ ಪಿಎಸ್‌ಟಿ ಫೈಲ್ ಹೊಸದರಲ್ಲಿ ತೆರೆದು, 2015ರ ಒಂದು ಮೇಲ್ ಹುಡುಕಿ, ಸಿಕ್ಕಿದ ಮೇಲೆ ಕೊಡಿ.

ಕೊನೆಗೆ, ಕಳೆದ ಕುಂಭಕ್ಕೆಂದೇ ಬೇರೆ ಜಿಮೇಲ್ ಐಡಿ ಮಾಡಿ ಆಮೇಲೆ ಮರೆತವರು ಇದ್ದರೆ ಈ ವಾರವೇ ಅದನ್ನು ತೆರೆಯಲು ನೋಡಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಖಾತೆ ಇನ್ನೂ ತೆರೆದುಕೊಂಡರೆ, ಪಾಸ್‌ವರ್ಡ್ ಮರಳಿ ಪಡೆಯುವ ಮೊಬೈಲ್ ನಂಬರ್ ಕೆಲಸ ಬಿಟ್ಟು ಊರಿಗೆ ಹೋದ ಮ್ಯಾನೇಜರದ್ದೋ ಮಾಲಕರದ್ದೋ ಎಂದು ನೋಡಿ, ಅಲ್ಲಿಯೇ ಬದಲಿಸಿ.