ಜಾಲ ಯಾರದು, ಗಿರಾಕಿ ಯಾರವನು?
ವಿಕೇಂದ್ರೀಕೃತ ಸಾಮಾಜಿಕ ಜಾಲಗಳ ಬಲಾಬಲ

ಬೆಂಗಳೂರಿನಲ್ಲಿ ಜನ್ಮತಳೆದು, ಕನ್ನಡದಲ್ಲಿ ಬರೆಯುವವರಿಗೆ ಆರಂಭದಿಂದಲೂ ಅವಕಾಶ ಕಲ್ಪಿಸಿದ್ದ ‘ಕೂ’ ಜಾಲತಾಣವು 2024ರ ಜುಲೈ ತಿಂಗಳಿನಲ್ಲಿ ಸ್ಥಗಿತಗೊಂಡಿತು. ಅಪ್ರಮೇಯ ರಾಧಾಕೃಷ್ಣ ಹಾಗೂ ಮಯಾಂಕ್ ಬಿದವಟ್ಕ ಅವರು 2020ರಲ್ಲಿ ಹೊರತಂದ ಈ ತಾಣವು ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಗಳಿಸಿತ್ತು. ದೊಡ್ಡ ಕಂಪನಿಗಳೊಡನೆ ನಡೆದ ಮಾತುಕತೆ ಫಲಿಸಲಿಲ್ಲ, ತಂತ್ರಜ್ಞಾನದ ವೆಚ್ಚ ಭರಿಸುವುದು ಕಷ್ಟವಾಯಿತು ಎಂದು ಸಂಸ್ಥಾಪಕರೇ ತಿಳಿಸಿದರು. ಬಂಡವಾಳ ಸಾಲದೆ ಉದ್ಯಮವೊಂದು ಮುಚ್ಚುವುದು ವರ್ತಕರಿಗೆ ಹೊಸ ಸಂಗತಿಯೇನಲ್ಲ. ಆದರೆ ಅಲ್ಲಿ ವರ್ಷಗಟ್ಟಲೆ ಬರೆದು ಅನುಯಾಯಿಗಳನ್ನು ಗಳಿಸಿದ್ದವರು ಆ ಬಳಗವನ್ನು ಬೇರೊಂದು ಜಾಲಕ್ಕೆ ಒಯ್ಯಲಾಗಲಿಲ್ಲ. ಬಾಡಿಗೆ ಮಳಿಗೆ ತೆರವು ಮಾಡುವ ವರ್ತಕನು ಖಾತೆಪುಸ್ತಕವನ್ನಾದರೂ ಕೈಯಲ್ಲಿ ಹಿಡಿದು ಹೊರಡುತ್ತಾನೆ. ಇಲ್ಲಿ ಪುಸ್ತಕವೂ ಮಳಿಗೆಯ ಮಾಲೀಕನದೇ.

ದೊಡ್ಡಬಳ್ಳಾಪುರದ ಸೀರೆ ತಯಾರಕರಿಗೂ ದೇವನಹಳ್ಳಿಯ ಚಕ್ಕೋತ ಮತ್ತು ದ್ರಾಕ್ಷಿ ಬೆಳೆಗಾರರಿಗೂ ಈ ಪ್ರಶ್ನೆ ದೂರದ್ದಲ್ಲ. ಮೊಬೈಲಿನ ಮೂಲಕ ಗಿರಾಕಿಯನ್ನು ಹುಡುಕಿಕೊಂಡ ಪ್ರತಿಯೊಬ್ಬ ಸಣ್ಣ ಉದ್ಯಮಿಯ ಸಂಪರ್ಕವೂ ಒಂದೆರಡು ವಿದೇಶಿ ಕಂಪನಿಗಳ ಮರ್ಜಿಗೆ ಒಳಪಟ್ಟಿದೆ.

ಇದಕ್ಕೆ ಪರಿಹಾರವಾಗಿ ಮೂಡಿಬಂದಿರುವುದೇ ವಿಕೇಂದ್ರೀಕೃತ ಜಾಲಗಳು. ಇಮೇಲ್‌ನಂತೆ ಇಲ್ಲಿಯೂ ಒಬ್ಬ ಮಾಲೀಕನಿಲ್ಲ; ಸಂದೇಶಗಳ ವಿನಿಮಯಕ್ಕೆ ಎಲ್ಲರೂ ಒಪ್ಪಿದ ನಿಯಮಾವಳಿ, ಅಂದರೆ ಪ್ರೋಟೋಕಾಲ್, ಮಾತ್ರ ಇರುತ್ತದೆ. ಸದ್ಯ ಮೂರು ಪ್ರೋಟೋಕಾಲ್‌ಗಳು ಪೈಪೋಟಿಯಲ್ಲಿವೆ.

ಹಿರಿಯದು ‘ಆಕ್ಟಿವಿಟಿಪಬ್’. ವಿಶ್ವವ್ಯಾಪಿ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು 2018ರ ಜನವರಿಯಲ್ಲಿ ಇದಕ್ಕೆ ಮನ್ನಣೆ ನೀಡಿತು. ಜರ್ಮನಿಯಲ್ಲಿ 2016ರಲ್ಲಿ ಆರಂಭವಾದ ‘ಮಾಸ್ಟೊಡಾನ್’ ಇದರ ಪ್ರಮುಖ ತಂತ್ರಾಂಶ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತುಗೊಂಡಾಗ, 2019ರ ನವೆಂಬರಿನಲ್ಲಿ ಅನೇಕ ಭಾರತೀಯರು ಇತ್ತ ವಲಸೆ ಬಂದರು. ಬಹುತೇಕರು ಹೆಚ್ಚು ದಿನ ನಿಲ್ಲಲಿಲ್ಲ. ಸಂಘಸಂಸ್ಥೆಯೊಂದು ತನ್ನದೇ ಸರ್ವರ್ ಸ್ಥಾಪಿಸಿ ತನ್ನದೇ ಶಿಸ್ತನ್ನು ವಿಧಿಸಬಹುದೆಂಬುದು ಇದರ ದೊಡ್ಡ ಬಲ. ಮೆಟಾ ಕಂಪನಿಯ ‘ಥ್ರೆಡ್ಸ್’ ಕೂಡ 2024ರಿಂದ ಭಾಗಶಃ ಈ ಜಾಲಕ್ಕೆ ಕೈಜೋಡಿಸಿದೆ. ದೌರ್ಬಲ್ಯವೂ ಸರ್ವರಿನಲ್ಲಿಯೇ ಇದೆ. ಅನೇಕ ಸರ್ವರ್‌ಗಳು ಉತ್ಸಾಹಿಗಳ ಸ್ವಂತ ಖರ್ಚಿನಲ್ಲಿ ಅಥವಾ ದೇಣಿಗೆಯಲ್ಲಿ ನಡೆಯುತ್ತವೆ. ಬೇರೆ ಸರ್ವರಿಗೆ ತೆರಳುವಾಗ ಅನುಯಾಯಿಗಳು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಸರ್ವರ್ ಹಠಾತ್ತನೆ ಮುಚ್ಚಿದರೆ ಅಷ್ಟೂ ಇಲ್ಲ.

ಈ ಕೊರತೆಯನ್ನು ನೀಗಿಸಲೆಂದೇ ‘ಎಟಿ ಪ್ರೋಟೋಕಾಲ್’ ಹೊರಬಂದಿತು. ಟ್ವಿಟರ್ ಕಂಪನಿಯು 2019ರಲ್ಲಿ ಘೋಷಿಸಿದ ಯೋಜನೆಯಿಂದ ಬೆಳೆದ ‘ಬ್ಲೂಸ್ಕೈ’ ಇದರ ಮೇಲೆ ನಿಂತಿದ್ದು, 2024ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ಮುಕ್ತವಾಯಿತು. ಮರುವರ್ಷದ ಆರಂಭಕ್ಕೆ ಖಾತೆಗಳ ಸಂಖ್ಯೆ 3 ಕೋಟಿ ಮುಟ್ಟಿತು. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರಿಂದ ದೇಶದಾದ್ಯಂತ ಇದೆಯಲ್ಲವೇ? ಇಲ್ಲಿಯೂ ಹಾಗೆಯೇ: ಗುರುತು, ಬರಹ, ಅನುಯಾಯಿಗಳು ಒಟ್ಟಿಗೆ ಸ್ಥಳಾಂತರಗೊಳ್ಳಬಲ್ಲವು. ಉದ್ಯಮಿಯು ತನ್ನ ಜಾಲತಾಣದ ಡೊಮೈನ್ ಹೆಸರನ್ನೇ ಖಾತೆಯ ಹೆಸರಾಗಿ ಬಳಸಬಹುದು. ಹೀಗಾಗಿ ನಕಲಿ ಖಾತೆಗಳನ್ನು ಗುರುತಿಸುವುದು ಸುಲಭ. ವ್ಯಾಪಾರದ ದೃಷ್ಟಿಯಿಂದ ಈ ಲೇಖಕನಿಗೆ ಅತ್ಯಂತ ಉಪಯುಕ್ತವೆನಿಸಿದ ಅಂಶವಿದು. ಆದರೆ ಬಹುಪಾಲು ಬಳಕೆದಾರರ ಖಾತೆಗಳೂ ಜಾಲದ ಮುಖ್ಯ ಯಂತ್ರಾಂಗವೂ ಬ್ಲೂಸ್ಕೈ ಕಂಪನಿಯ ವಶದಲ್ಲಿಯೇ ಇವೆ. ವಿಕೇಂದ್ರೀಕರಣವೆಂಬುದು ಇಲ್ಲಿ ವಿನ್ಯಾಸದಲ್ಲಿ ಇರುವಷ್ಟು ಆಚರಣೆಯಲ್ಲಿಲ್ಲ.

ಮೂರನೆಯ ‘ನಾಸ್ಟರ್’ (2020) ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ನಿಷ್ಠುರ. ಬಳಕೆದಾರನ ಗುರುತೆಂದರೆ ಒಂದು ಜೋಡಿ ಗಣಿತೀಯ ಕೀಲಿಕೈ. ಸಂದೇಶಗಳನ್ನು ‘ರಿಲೇ’ಗಳೆಂಬ ಸರ್ವರ್‌ಗಳು ಹೊತ್ತೊಯ್ಯುತ್ತವೆ. ಯಾರೂ ಖಾತೆಯನ್ನು ಕಿತ್ತುಕೊಳ್ಳಲಾರರು. ಆದರೆ ಗುಪ್ತ ಕೀಲಿ ಕಳೆದುಹೋದರೆ ಮರಳಿ ಕೊಡುವ ಕಚೇರಿಯೂ ಇಲ್ಲ. ಕದ್ದವನು ನಿಮ್ಮ ಹೆಸರಿನಲ್ಲಿ ಬರೆಯುವುದನ್ನು ತಡೆಯುವವರೂ ಇಲ್ಲ. ಸಿಬ್ಬಂದಿಯ ಕೈಗೆ ಖಾತೆಯನ್ನು ಒಪ್ಪಿಸುವ ಅಂಗಡಿಗಳಿಗೆ ಇದು ಹೊಂದುವುದಿಲ್ಲ.

ವ್ಯಾಪಾರದಲ್ಲಿ ಇದೇ ತತ್ವದ ಪ್ರಯೋಗಕ್ಕೆ ನಮ್ಮ ನೆರೆಯ ನಗರವೇ ವೇದಿಕೆಯಾಯಿತು. ‘ಬೆಕನ್’ ಎಂಬ ಮುಕ್ತ ಪ್ರೋಟೋಕಾಲ್ ಆಧರಿಸಿದ ಒಎನ್‌ಡಿಸಿ ಜಾಲದ ಗ್ರಾಹಕ ಸೇವೆಯನ್ನು 2022ರ ಸೆಪ್ಟೆಂಬರ್ 30ರಂದು ಬೆಂಗಳೂರಿನ 16 ಪಿನ್‌ಕೋಡ್ ವ್ಯಾಪ್ತಿಯಲ್ಲಿ ಪ್ರಾಯೋಗಿಕವಾಗಿ ತೆರೆಯಲಾಯಿತು. ಆಟೋ ಚಾಲಕರ ‘ನಮ್ಮ ಯಾತ್ರಿ’ಯೂ ಬೆಕನ್ ಆಧಾರಿತವೇ. ನಿಯಮಾವಳಿಯೊಂದೇ ಗಿರಾಕಿಯನ್ನು ತರಲಾರದು. ಬಾಡಿಗೆಯಿಂದ ಪ್ರತಿ ಸವಾರಿಗೂ ಕಮಿಷನ್ ಕಡಿತವಾಗುವುದಿಲ್ಲವೆಂಬ ನೇರ ಲಾಭವೇ ಚಾಲಕರನ್ನು ನಮ್ಮ ಯಾತ್ರಿಯೆಡೆಗೆ ಸೆಳೆಯಿತು. ಸಾಮಾಜಿಕ ಜಾಲಗಳ ಪೈಕಿ ಯಾವುದೂ ಅಂತಹ ಲಾಭವನ್ನು ನಮ್ಮ ವರ್ತಕರಿಗೆ ಇನ್ನೂ ತೋರಿಸಿಲ್ಲ. ಗಿರಾಕಿಗಳೆಲ್ಲ ವಾಟ್ಸ್‌ಆ್ಯಪ್‌ನಲ್ಲಿರುವಾಗ ವರ್ತಕನೊಬ್ಬನೇ ಹೊರಬಂದು ಮಾಡುವುದೇನು?

ಸ್ವಂತ ಸರ್ವರ್ ನಡೆಸಬಯಸುವ ಸಂಘಗಳು ಕಾನೂನನ್ನೂ ಗಮನಿಸಬೇಕು. ಇತರರ ಬರಹಗಳಿಗೆ ಸ್ಥಳ ಒದಗಿಸುವವರು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ‘ಮಧ್ಯವರ್ತಿ’ ಎನಿಸುತ್ತಾರೆ. 50 ಲಕ್ಷ ಬಳಕೆದಾರರನ್ನು ದಾಟಿದ ಬೃಹತ್ ಜಾಲಗಳ ಹೆಚ್ಚುವರಿ ಹೊಣೆಗಳು ಅನ್ವಯಿಸದಿದ್ದರೂ, ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ವಿವರವನ್ನು ಪ್ರಕಟಿಸುವುದು ಸಣ್ಣ ಸರ್ವರಿಗೂ ಕಡ್ಡಾಯ. ಆ ಹೊರೆ ಬೇಡವೆನ್ನುವ ಸದಸ್ಯರು ಸದ್ಯಕ್ಕೆ ಸಂಸ್ಥೆಯ ಹೆಸರಿನಲ್ಲಿ ಡೊಮೈನ್ ನೋಂದಾಯಿಸಿ, ಗಿರಾಕಿಗಳ ಒಪ್ಪಿಗೆ ಪಡೆದು ಅವರ ದೂರವಾಣಿ ಸಂಖ್ಯೆಗಳ ಪಟ್ಟಿಯೊಂದನ್ನು ತಮ್ಮ ಕಂಪ್ಯೂಟರಿನಲ್ಲಿಯೇ ಇರಿಸಿಕೊಳ್ಳುವುದು ಲೇಸು.