ಹೆಸರು, ಸರ್ವನಾಮ, ಸ್ಥಾನ: ಜೋಗಪ್ಪರನ್ನು ಕುರಿತ ಒಂದು ಭಾಷಿಕ ಟಿಪ್ಪಣಿ

ಗಂಡು-ಹೆಣ್ಣೆಂಬ ವಿಭಜನೆಗೆ ಒಳಪಡದವರನ್ನು ಸಮಾಜವು ಹೇಗೆ ಕಾಣುತ್ತದೆಂಬುದು ಅವರಿಗೆ ಅದು ಕೊಡುವ ಹೆಸರಿನಲ್ಲಿಯೇ ವ್ಯಕ್ತವಾಗುತ್ತದೆ. ಕನ್ನಡ, ಮರಾಠಿಗಳೆರಡೂ ಕಿವಿಗೆ ಬೀಳುವ ಪುಣೆಯಂಥ ನಗರದಲ್ಲಿ ಇದನ್ನು ಹೋಲಿಸಿ ನೋಡುವುದು ಸುಲಭ. ಹೊರನಾಡಿನ ಸಂಶೋಧಕರ ಉಪಯೋಗಕ್ಕಾಗಿ ಈ ಸಂಗತಿಯನ್ನು ನಾವಿಲ್ಲಿ ಸ್ಥೂಲವಾಗಿ ವಿವೇಚಿಸಿದ್ದೇವೆ.

ಸವದತ್ತಿ ಎಲ್ಲಮ್ಮನ ಭಕ್ತವಲಯವು ಬೆಳಗಾವಿ, ಧಾರವಾಡಗಳಿಂದ ಕೊಲ್ಲಾಪುರ, ಸಾಂಗ್ಲಿಗಳವರೆಗೆ ಹಬ್ಬಿದೆ. ಗಂಡಾಗಿ ಹುಟ್ಟಿ, ದೇವಿ ತಮ್ಮನ್ನು ಒಲಿದಳೆಂಬ ನಂಬಿಕೆಯಿಂದ ಸೀರೆಯುಟ್ಟು ಜೋಗ ಬೇಡುವವರನ್ನು ಕನ್ನಡದಲ್ಲಿ 'ಜೋಗಪ್ಪ' ಎನ್ನುತ್ತಾರೆ. ಹೆಣ್ಣುಡುಗೆಯವರ ಹೆಸರಿಗೆ 'ಅಪ್ಪ' ಸೇರಿರುವುದು ಅಸಂಗತವೆನಿಸಬಹುದು. ಆದರೆ ಈ ಬಂಧುವಾಚಕವೇ ಅವರಿಗೆ ಊರಿನಲ್ಲೊಂದು ಸ್ಥಾನವನ್ನು ಕಲ್ಪಿಸುತ್ತದೆ. ಈ ಗೌರವಕ್ಕೆ ಮಿತಿಯೂ ಉಂಟು: ಅದು ಸಲ್ಲುವುದು ದೇವಿಗೆ, ಕೊಡ ಇಳಿಸಿದ ಮೇಲೆ ವ್ಯಕ್ತಿಗೂ ಸಲ್ಲುವುದೆಂಬ ಭರವಸೆಯಿಲ್ಲ.

ಕನ್ನಡದಲ್ಲಿ ಲಿಂಗವು ಅರ್ಥಾನುಸಾರಿ. ಮನುಷ್ಯರಲ್ಲಿ ಗಂಡಸು 'ಅವನು', ಹೆಂಗಸು 'ಅವಳು'. ಉಳಿದುದೆಲ್ಲ 'ಅದು', ಅಂದರೆ ನಪುಂಸಕಲಿಂಗ. ವೈಯಾಕರಣರ ಈ ನಿರ್ವಿಕಾರ ಪರಿಭಾಷೆಯೇ ಲೋಕದ ಬಾಯಲ್ಲಿ ಬೈಗುಳವಾಗಿದೆ. ಮಗುವನ್ನು 'ಅದು' ಎಂದರೆ ಅಕ್ಕರೆ. ಬೆಳೆದವರನ್ನು ಹಾಗೆಂದರೆ ಅವರ ಮನುಷ್ಯತ್ವವನ್ನೇ ನಿರಾಕರಿಸಿದಂತೆ. ಅದೇ ಕನ್ನಡದಲ್ಲಿ 'ಅವರು' ಎಂಬ ಗೌರವರೂಪಕ್ಕೆ ಗಂಡು-ಹೆಣ್ಣುಗಳ ಭೇದವಿಲ್ಲ. 'ನಾನು ಹೋಗುತ್ತೇನೆ' ಎಂಬಲ್ಲಿಯೂ ಇಲ್ಲ. ಮರಾಠಿಯಲ್ಲಾದರೋ ಗಂಡಸು 'ಮೀ ಜಾತೋ' ಎಂದರೆ ಹೆಂಗಸು 'ಮೀ ಜಾತೇ' ಎನ್ನಬೇಕು. ಗೌರವಾರ್ಥದಲ್ಲಿಯೂ 'ತೇ', 'ತ್ಯಾ' ಎಂದು ಎರಡು ರೂಪಗಳಿವೆ. ಬೆಳಗಾವಿ ಕಡೆಯ ಜೋಗಪ್ಪರೊಬ್ಬರು ಪುಣೆಗೆ ಬಂದು ಮರಾಠಿಯಲ್ಲಿ ಮಾತನಾಡತೊಡಗಿದರೆ, ಕನ್ನಡದಲ್ಲಿ ಹೇಳಬೇಕಿಲ್ಲದ್ದನ್ನು ಅಲ್ಲಿ ಮೊದಲ ವಾಕ್ಯದಲ್ಲಿಯೇ ಹೇಳಬೇಕಾಗುತ್ತದೆ.

ಪ್ರಭುತ್ವದ ಹೆಸರುಗಳ ಪರಿಣಾಮ ಇನ್ನೂ ತೀವ್ರ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು 'ಯೂನಕ್' ಎಂಬ ವರ್ಗವನ್ನು ಮಾಡಿ ಅವರ ಹೆಸರುಗಳನ್ನು ದಾಖಲಿಸಲು ವಿಧಿಸಿತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮಿನಲ್ಲಿ ಅದೇ ಪದ ಮರುಕಳಿಸಿತು. 2016ರ ತಿದ್ದುಪಡಿಯಿಂದ ಅದನ್ನು ಕೈಬಿಡಲಾಯಿತು. ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ಘೋಷಿಸಿತು. ಇಂದಿನ ಪದಗಳಲ್ಲಿಯೂ ದೃಷ್ಟಿಭೇದವಿದೆ: ಮರಾಠಿಯ 'ತೃತೀಯಪಂಥೀ' ನಡೆವ ದಾರಿಯನ್ನೂ, ಕನ್ನಡದ 'ತೃತೀಯಲಿಂಗಿ' ದೇಹವನ್ನೂ, 'ಲಿಂಗತ್ವ ಅಲ್ಪಸಂಖ್ಯಾತರು' ಎಂಬುದು ಹಕ್ಕನ್ನೂ ಮುಂದಿಡುತ್ತವೆ.

ದೇಹಚಿಹ್ನೆಗಳಿಂದ ಗಂಡು-ಹೆಣ್ಣೆಂದು ಕರೆಯಬಹುದಾದರೂ ಆತ್ಮಕ್ಕೆ ಆ ಭೇದವಿಲ್ಲವೆಂಬ ವಿಚಾರ ಜೇಡರ ದಾಸಿಮಯ್ಯನ ವಚನದಲ್ಲಿದೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮಂಜಮ್ಮ ಜೋಗತಿಯವರ ಆತ್ಮಕಥನದ ಹೆಸರು 'ನಡುವೆ ಸುಳಿವ ಹೆಣ್ಣು' ಆ ವಚನವನ್ನೇ ನೆನಪಿಸುತ್ತದೆ. ಬೇರೆಯವರು ಇಟ್ಟ ಹೆಸರುಗಳಿಂದ ತಾವೇ ಆಯ್ದುಕೊಂಡ ಹೆಸರಿನತ್ತ ಸಾಗಿದ ದಾರಿಯನ್ನು ಇಲ್ಲಿ ಕಾಣಬಹುದು. ಆದುದರಿಂದ ಅನುವಾದಕರು 'ಜೋಗಪ್ಪ'ವನ್ನು 'ಹಿಜಡಾ' ಎಂದಾಗಲಿ, 'ಅವರು' ಎಂಬುದನ್ನು ಏಕಲಿಂಗದ ಸರ್ವನಾಮವಾಗಿಯಾಗಲಿ ಮಾರ್ಪಡಿಸುವ ಮೊದಲು, ಸಂಬಂಧಪಟ್ಟವರ ಸ್ವಂತ ಮಾತನ್ನು ಕೇಳಿ ತಿಳಿಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.