ಉಚಿತ ನಿವೃತ್ತಿ ಪಾಠ: ಹಣ ಕೊಡುವವರು ಯಾರು?

ಬಳ್ಳಾರಿ: ನಿವೃತ್ತಿಯ ಹಣ ಕೈಸೇರುತ್ತಿದ್ದಂತೆ ಉಚಿತ ಸಲಹೆ ಹೇರಳವಾಗಿ ದೊರೆಯುತ್ತದೆ. ಬಳ್ಳಾರಿ ನಗರದಲ್ಲಿರಲಿ, ತಾಲ್ಲೂಕಿನ ಮೋಕದಲ್ಲಿರಲಿ, ಪಿಂಚಣಿ, ಬಡ್ಡಿ, ತೆರಿಗೆಗಳ ಪಾಠ ಮೊಬೈಲಿನಲ್ಲೇ ಲಭ್ಯ. ಶುಲ್ಕವಿಲ್ಲ. ಹಾಗಾದರೆ ಪಾಠ ಹೇಳುವವರಿಗೆ ಆದಾಯ ಎಲ್ಲಿಂದ?

ಮಾರ್ಗಗಳು ಮುಖ್ಯವಾಗಿ ಮೂರು. ಮೊದಲನೆಯದು ಜಾಹೀರಾತು. ಎರಡನೆಯದು, ಆಸಕ್ತರ ಹೆಸರು, ದೂರವಾಣಿ ಸಂಖ್ಯೆಯನ್ನು ವಿಮೆ ಅಥವಾ ಹಣಕಾಸು ಕಂಪನಿಗಳಿಗೆ ಒದಗಿಸಿ ಪಡೆಯುವ ಹಣ. ಮೂರನೆಯದು, ಯೋಜನೆ ಮಾರಾಟವಾದಾಗ ಸಿಗುವ ಕಮಿಷನ್.

ಮ್ಯೂಚುಯಲ್ ಫಂಡ್‌ಗಳಲ್ಲಿ ಮಧ್ಯವರ್ತಿಯ ಕಮಿಷನ್ ಇಲ್ಲದ ‘ಡೈರೆಕ್ಟ್’ ಯೋಜನೆ 2013ರ ಜನವರಿಯಿಂದ ಜಾರಿಯಲ್ಲಿದೆ. ‘ರೆಗ್ಯುಲರ್’ ಯೋಜನೆಯಲ್ಲಿ ಕಮಿಷನ್ ವರ್ಷವರ್ಷವೂ ಹೂಡಿಕೆಯ ಮೊತ್ತದಿಂದಲೇ ಹೋಗುತ್ತದೆ. ಎರಡರ ವೆಚ್ಚದ ಅಂತರ ಶೇ 1 ಎಂದಿಟ್ಟುಕೊಂಡರೆ, 10 ಲಕ್ಷ ರೂಪಾಯಿಗೆ ವರ್ಷಕ್ಕೆ 10 ಸಾವಿರ ರೂಪಾಯಿ. ಇದಕ್ಕೆ ಪ್ರತ್ಯೇಕ ಬಿಲ್ ಬರುವುದಿಲ್ಲ.

ಕಮಿಷನ್ ಪಡೆಯುವುದು ಕಾನೂನುಬದ್ಧವೇ. ಆದರೆ ಯಾವ ಯೋಜನೆಯ ಪಾಠ ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅದೇ ನಿರ್ಧರಿಸತೊಡಗಿದರೆ ನಷ್ಟ ನಿವೃತ್ತರದು. ಅಂಚೆ ಕಚೇರಿ, ಬ್ಯಾಂಕ್‌ಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಹೂಡಿಕೆ ಮಿತಿಯನ್ನು 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಲಾಯಿತು. ಇದರ ಏಜೆಂಟರ ಕಮಿಷನ್ ಮಾತ್ರ 2011ರ ಡಿಸೆಂಬರ್‌ನಲ್ಲೇ ರದ್ದಾಗಿದೆ. ಮಾರಾಟವನ್ನೇ ನಂಬಿದವರಿಗೆ ಈ ಯೋಜನೆಯ ಪ್ರಸ್ತಾಪದಿಂದ ಲಾಭವಿಲ್ಲ.

ಸೆಬಿಯಲ್ಲಿ ನೋಂದಾಯಿತರಾದ ಹೂಡಿಕೆ ಸಲಹೆಗಾರರು ಗ್ರಾಹಕರಿಂದ ನೇರವಾಗಿ ಶುಲ್ಕ ಪಡೆಯುತ್ತಾರೆ. ಆ ಗ್ರಾಹಕರ ಹೂಡಿಕೆಯ ಮೇಲೆ ಕಮಿಷನ್ ಪಡೆಯುವಂತಿಲ್ಲ. ಉಚಿತ ಪಾಠವನ್ನು ಕೇಳಬಾರದೆಂದೇನೂ ಇಲ್ಲ. ಸಹಿ ಹಾಕುವ ಮುನ್ನ ಯೋಜನೆ ಡೈರೆಕ್ಟೋ ರೆಗ್ಯುಲರೋ, ಹೇಳಿದವರಿಗೆ ಬರುವ ಕಮಿಷನ್ ಎಷ್ಟು ಎಂಬುದನ್ನು ವಿಚಾರಿಸಿಕೊಳ್ಳುವುದು ಒಳಿತು.